ವೈದ್ಯಶಿಕ್ಷಣ ಮತ್ತು ಗ್ರಾಮಸಮಾಜ: ಒಂದು ಐತಿಹಾಸಿಕ ಸಮೀಕ್ಷೆ

ವೈದ್ಯನಾಗಬಯಸುವವನು ತನ್ನ ವಿದ್ಯೆಯನ್ನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಸರಳವಾಗಿ ತೋರುತ್ತದೆ. ಆಸ್ಪತ್ರೆಯಲ್ಲಿ ಎಂಬುದೇ ಇಂದು ಎಲ್ಲರೂ ಕೊಡುವ ಉತ್ತರ. ಆದರೆ ಈ ಉತ್ತರಕ್ಕೆ ನಮ್ಮ ದೇಶದಲ್ಲಿ ಇನ್ನೂ ಎರಡು ನೂರು ವರ್ಷಗಳು ತುಂಬಿಲ್ಲ. ಅದಕ್ಕೂ ಹಿಂದೆ ಪಂಡಿತನ ಶಿಷ್ಯನು ಗುರುವಿನ ಹಿಂದೆ ಗಂಟು ಹೊತ್ತು ನಡೆದು, ರೋಗಿಯ ಮನೆಯ ಹಜಾರದಲ್ಲಿ ಕುಳಿತು, ಅವನ ಊಟ, ನಿದ್ರೆ, ಕಸುಬು, ಮನೆಯವರ ಮಾತು ಇವೆಲ್ಲವನ್ನೂ ಕಂಡು ಕೇಳಿ ವಿದ್ಯೆಯನ್ನು ಅರಗಿಸಿಕೊಳ್ಳುತ್ತಿದ್ದನು. ೧೮೩೫ರಲ್ಲಿ ಕಲ್ಕತ್ತೆಯಲ್ಲಿಯೂ ಮದರಾಸಿನಲ್ಲಿಯೂ ಪಾಶ್ಚಾತ್ಯ ವೈದ್ಯಶಿಕ್ಷಣವು ಸರ್ಕಾರದ ಆಶ್ರಯದಲ್ಲಿ ನೆಲೆಗೊಂಡ ಮೇಲೆ ಈ ಕ್ರಮವು ತಲೆಕೆಳಗಾಯಿತು. ವೈದ್ಯನು ರೋಗಿಯ ಮನೆಗೆ ಹೋಗುವ ಬದಲು ರೋಗಿಯು ವಿದ್ಯಾಲಯಕ್ಕೆ ಬಂದನು.

ಈ ಬದಲಾವಣೆಯಿಂದ ಆದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಶವಚ್ಛೇದನ, ಸೂಕ್ಷ್ಮದರ್ಶಕ, ಶಸ್ತ್ರಚಿಕಿತ್ಸೆ, ದಾಖಲೆಯಿಡುವ ಶಿಸ್ತು ಇವೆಲ್ಲ ಆಸ್ಪತ್ರೆಯ ಗೋಡೆಗಳೊಳಗೆ ಬೆಳೆದು ಬಂದವು. ಆದರೆ ಹಾಸಿಗೆಯ ಮೇಲೆ ಮಲಗಿದ ರೋಗಿಯು ತನ್ನ ಮನೆ, ಬಾವಿ, ಹೊಲ, ಸಾಲ, ಜಾತಿ, ಸಂಸಾರ ಇವುಗಳನ್ನೆಲ್ಲ ಹೊರಗೆ ಬಿಟ್ಟು ಬಂದಿರುತ್ತಾನೆ. ವಿದ್ಯಾರ್ಥಿಗೆ ಕಾಣುವುದು ರೋಗ. ರೋಗವನ್ನು ಹೆತ್ತ ಬದುಕು ಕಾಣುವುದಿಲ್ಲ. ಭೇದಿಯಿಂದ ಬಳಲಿದ ಕೂಸನ್ನು ಗುಣಪಡಿಸಿ ಅದೇ ನೀರಿಗೆ ಮರಳಿ ಕಳುಹಿಸುವ ವೈದ್ಯನು ತನ್ನ ಕೆಲಸದ ಅರ್ಧವನ್ನಷ್ಟೇ ಬಲ್ಲವನು.

ಈ ಕೊರತೆಯನ್ನು ತುಂಬುವುದಕ್ಕಾಗಿ ವೈದ್ಯ, ಶುಶ್ರೂಷಾ ಹಾಗೂ ಇತರ ಆರೋಗ್ಯವಿದ್ಯೆಗಳ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆದೊಯ್ದು ಜನಜೀವನದ ನಡುವೆ ಕಲಿಸುವ ಪ್ರಯತ್ನಗಳು ಸುಮಾರು ಒಂದು ಶತಮಾನದಿಂದ ನಡೆದಿವೆ. ಇವುಗಳ ಚರಿತ್ರೆಯನ್ನು ಕ್ರಮವಾಗಿ ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳ್ಳಿಯನ್ನು ಉದ್ಧರಿಸಲು ಹೊರಟ ಯೋಜನೆಗಳು ಬಹುಪಾಲು ಬಾಡಿದವು. ಹಳ್ಳಿಯಿಂದ ಕಲಿಯಲು ಹೊರಟವು ಬೇರೂರಿದವು. ಈ ಮಾತನ್ನು ಆಧಾರಸಹಿತವಾಗಿ ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಕ್ರಮದ ಮೊದಲ ಪ್ರಯೋಗಗಳಲ್ಲಿ ಮುಖ್ಯವಾದುದು ಚೀನದಲ್ಲಿ ನಡೆಯಿತು. ಪೀಕಿಂಗ್ ಯೂನಿಯನ್ ವೈದ್ಯಕೀಯ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಡಾ. ಜಾನ್ ಗ್ರಾಂಟರು ೧೯೨೫ರಲ್ಲಿ ಆ ನಗರದ ಒಂದು ವಾರ್ಡಿನಲ್ಲಿ ಆರೋಗ್ಯ ಕೇಂದ್ರವೊಂದನ್ನು ತೆರೆದರು. ಸುಮಾರು ಒಂದು ಲಕ್ಷ ಜನ ವಾಸಿಸುತ್ತಿದ್ದ ಆ ಪ್ರದೇಶವೇ ವಿದ್ಯಾರ್ಥಿಗಳಿಗೆ ಪಾಠಶಾಲೆಯಾಯಿತು. ಶರೀರಶಾಸ್ತ್ರ ಕಲಿಯುವವನಿಗೆ ಪ್ರಯೋಗಾಲಯ ಹೇಗೋ ಹಾಗೆಯೇ ಸಮಾಜದ ಆರೋಗ್ಯವನ್ನು ಕಲಿಯುವವನಿಗೆ ಜನವಸತಿ ಇರಬೇಕೆಂಬುದು ಅವರ ನಿಲುವು. ಅವರ ಶಿಷ್ಯರಾದ ಚೆನ್ ಝಿಚಿಯನ್ನರು ೧೯೩೨ರಿಂದ ಡಿಂಗ್‌ಶಿಯನ್ ಎಂಬ ಗ್ರಾಮೀಣ ಪ್ರದೇಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹಳ್ಳಿಯ ಒಕ್ಕಲಿಗರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಿದರು.

ಅದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನಲ್ಲಿ ೧೯೨೪ರಲ್ಲಿ ಆರಂಭವಾದ ವೈದ್ಯಕೀಯ ವಿದ್ಯಾಲಯವು ೧೯೩೦ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಸಂಸ್ಥಾನದ ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಸಾರ್ವಜನಿಕ ಆರೋಗ್ಯದ ಆಡಳಿತವನ್ನು ಹೊಸದಾಗಿ ರೂಪಿಸಿ, ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ಸ್ಥಾಪಿಸಿತು. ಆಗ ಕ್ಲೋಸ್‌ಪೇಟೆ ಎಂದು ಹೆಸರಾಗಿದ್ದ ರಾಮನಗರದಲ್ಲಿ ೧೯೩೦ರ ದಶಕದಲ್ಲಿ ಇನ್ನೊಂದು ಘಟಕವು ತಲೆಯೆತ್ತಿ, ಆರೋಗ್ಯ ಸಿಬ್ಬಂದಿಯ ತರಬೇತಿಗೆ ಕ್ಷೇತ್ರವಾಯಿತು. ಕನ್ನಂಬಾಡಿಯ ನೀರು ಕಾಲುವೆಯಾಗಿ ಹರಿದು ಬಂದು ಕಬ್ಬನ್ನೂ ಭತ್ತವನ್ನೂ ಬೆಳೆಸಿದ ಸೀಮೆಯಲ್ಲಿಯೇ ಮಲೇರಿಯವೂ ಬೆಳೆಯಿತು. ಸಮೃದ್ಧಿ ಮತ್ತು ರೋಗ ಎರಡೂ ಒಂದೇ ಕಾಲುವೆಯಲ್ಲಿ ಬರಬಲ್ಲವೆಂಬುದನ್ನು ಪಠ್ಯಪುಸ್ತಕದಿಂದ ಅರಿಯುವುದು ಬೇರೆ, ಗದ್ದೆಯ ಬದುವಿನಲ್ಲಿ ನಿಂತು ಅರಿಯುವುದು ಬೇರೆ.

ಡಾ. ಗ್ರಾಂಟರು ೧೯೩೯ರಲ್ಲಿ ಕಲ್ಕತ್ತೆಯ ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಸ್ವಾಸ್ಥ್ಯ ಸಂಸ್ಥೆಯ ನಿರ್ದೇಶಕರಾಗಿ ಬಂದರು. ೧೯೩೨ರಲ್ಲಿ ಪ್ರಾರಂಭವಾಗಿದ್ದ ಆ ಸಂಸ್ಥೆಗೆ ಹೂಗ್ಲಿ ಜಿಲ್ಲೆಯ ಸಿಂಗೂರು ಪ್ರದೇಶವು ಅಭ್ಯಾಸಕ್ಷೇತ್ರವಾಯಿತು. ಭಾರತದಲ್ಲಿ ಗ್ರಾಮವನ್ನು ಆರೋಗ್ಯವಿದ್ಯೆಯ ತರಗತಿಯನ್ನಾಗಿ ಮಾಡಿಕೊಂಡ ಪ್ರಯೋಗಗಳಲ್ಲಿ ಸಿಂಗೂರಿನ ಹೆಸರು ಅಗ್ರಗಣ್ಯವಾದುದು. ಮುಂದೆ ಸ್ವತಂತ್ರ ಭಾರತದಲ್ಲಿ ಸಿಂಗೂರು, ಮದರಾಸಿನ ಬಳಿಯ ಪೂನಮಲ್ಲಿ, ದೆಹಲಿಯ ಬಳಿಯ ನಜಫ್‌ಗಢ ಈ ಮೂರೂ ಗ್ರಾಮೀಣ ಆರೋಗ್ಯ ಸಿಬ್ಬಂದಿಯ ತರಬೇತಿ ಕೇಂದ್ರಗಳೆಂದು ಹೆಸರಾದವು.

ಈ ಎಲ್ಲ ಅನುಭವಗಳ ಸಾರವು ಭೋರ್ ಸಮಿತಿಯ ವರದಿಯಲ್ಲಿ ಹರಳುಗಟ್ಟಿತು. ಸರ್ ಜೋಸೆಫ್ ಭೋರರ ಅಧ್ಯಕ್ಷತೆಯಲ್ಲಿ ೧೯೪೩ರಲ್ಲಿ ನೇಮಕಗೊಂಡ ಈ ಸಮಿತಿಯು ೧೯೪೬ರಲ್ಲಿ ವರದಿಯನ್ನೊಪ್ಪಿಸಿತು, ಡಾ. ಗ್ರಾಂಟರೂ ಸದಸ್ಯರಲ್ಲೊಬ್ಬರು. ಆ ವರದಿಯು ಕೊಡುವ ಚಿತ್ರವು ಕರುಣಾಜನಕವಾದುದು. ಅಂದಿನ ಬ್ರಿಟಿಷ್ ಇಂಡಿಯದಲ್ಲಿ ಸುಮಾರು ೬,೩೦೦ ಜನರಿಗೆ ಒಬ್ಬ ವೈದ್ಯ, ಸುಮಾರು ೪೩,೦೦೦ ಜನರಿಗೆ ಒಬ್ಬ ದಾದಿ ಇದ್ದರು. ಇದ್ದವರಲ್ಲಿಯೂ ಹೆಚ್ಚಿನವರು ಪಟ್ಟಣವಾಸಿಗಳು. ಇದಕ್ಕೆ ಪರಿಹಾರವಾಗಿ ಸಮಿತಿಯು ‘ಸಾಮಾಜಿಕ ವೈದ್ಯ’ ಎಂಬ ಆದರ್ಶವನ್ನು ಮುಂದಿಟ್ಟಿತು. ರೋಗಿಯ ದೇಹವನ್ನಷ್ಟೇ ನೋಡದೆ ಅವನ ಪರಿಸರವನ್ನೂ ನೋಡುವ, ಚಿಕಿತ್ಸೆಯ ಜೊತೆಗೆ ನಿವಾರಣೆಯನ್ನೂ ತನ್ನ ಧರ್ಮವೆಂದು ಬಗೆಯುವ ವೈದ್ಯನಿವನು. ಇಂಥವನನ್ನು ಸಿದ್ಧಗೊಳಿಸಲು ಪ್ರತಿ ವೈದ್ಯ ವಿದ್ಯಾಲಯದಲ್ಲಿಯೂ ನಿವಾರಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರದ ವಿಭಾಗವಿರಬೇಕು, ಆ ಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ನಡೆಯಬೇಕು ಎಂದು ಸಮಿತಿಯು ಸೂಚಿಸಿತು.

ಇದೇ ಸಮಿತಿಯ ಇನ್ನೊಂದು ತೀರ್ಮಾನವನ್ನು ಇಲ್ಲಿ ಮರೆಯಬಾರದು. ಆ ಕಾಲದಲ್ಲಿ ನೋಂದಾಯಿತರಾಗಿದ್ದ ಸುಮಾರು ೪೭,೫೦೦ ವೈದ್ಯರಲ್ಲಿ ೩೦,೦೦೦ಕ್ಕೆ ಸಮೀಪದಷ್ಟು ಜನ ಪದವೀಧರರಲ್ಲ. ಕಡಿಮೆ ಅವಧಿಯ ಶಿಕ್ಷಣ ಪಡೆದ ಲೈಸೆನ್ಷಿಯೇಟರು. ದೇಶಕ್ಕೆ ಒಂದೇ ಬಗೆಯ, ಉನ್ನತ ಶಿಕ್ಷಣ ಪಡೆದ ವೈದ್ಯನಿರಬೇಕೆಂದು ಸಮಿತಿಯ ಬಹುಮತವು ನಿರ್ಧರಿಸಿ ಲೈಸೆನ್ಷಿಯೇಟ್ ಶಿಕ್ಷಣವನ್ನು ಕೈಬಿಡಲು ಹೇಳಿತು. ಕೆಲವು ಸದಸ್ಯರು ಭಿನ್ನಮತವನ್ನು ದಾಖಲಿಸಿದರು. ಬಹುಮತದ ಆಶಯವೇನೋ ಉದಾತ್ತವಾದುದೇ. ಹಳ್ಳಿಯವನಿಗೆ ಎರಡನೆಯ ದರ್ಜೆಯ ವೈದ್ಯನೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಇದರಿಂದ ಒಂದು ದೊಡ್ಡ ಹೊಣೆ ಪದವೀಧರನ ಹೆಗಲಿಗೆ ಬಂದಿತು. ಹಳ್ಳಿಯನ್ನು ಕಾಯುವ ಬೇರೊಬ್ಬ ವೈದ್ಯನು ಇನ್ನಿಲ್ಲವಾದುದರಿಂದ, ಪದವಿಯ ಶಿಕ್ಷಣವೇ ಹಳ್ಳಿಯನ್ನು ಅರಿಯುವ ಶಿಕ್ಷಣವಾಗಬೇಕಾಗಿತ್ತು.

ಆಯಿತೇ? ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿಭಾಗಗಳೇನೋ ತೆರೆದವು. ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರಗಳ ಕಟ್ಟಡಗಳೂ ಎದ್ದವು. ಪದವಿ ಪರೀಕ್ಷೆಯ ನಂತರದ ಹೌಸ್‌ಸರ್ಜನ್ ವರ್ಷದಲ್ಲಿ ಕೆಲವು ಕಾಲ ಹಳ್ಳಿಯಲ್ಲಿ ಕಳೆಯಬೇಕೆಂಬ ನಿಯಮವೂ ಬಂದಿತು. ಆದರೆ ಅಷ್ಟರಲ್ಲಿ ಪರೀಕ್ಷೆಗಳೆಲ್ಲ ಮುಗಿದು ವಿದ್ಯಾರ್ಥಿಯ ಮನಸ್ಸು ರೂಪುಗೊಂಡುಬಿಟ್ಟಿರುತ್ತದೆ. ನಾಲ್ಕೂವರೆ ವರ್ಷ ಆಸ್ಪತ್ರೆಯನ್ನೇ ಜಗತ್ತೆಂದು ನಂಬಿದ ತರುಣನಿಗೆ ಹಳ್ಳಿಯ ವಾಸ್ತವ್ಯವು ಬಿಡುವಿನ ಕಾಲವಾಗಿಯೋ ಸ್ನಾತಕೋತ್ತರ ಪ್ರವೇಶಪರೀಕ್ಷೆಯ ಓದಿಗೆ ಅನುಕೂಲವಾಗಿಯೋ ಕಂಡರೆ ಅವನೊಬ್ಬನನ್ನೇ ದೂಷಿಸಿ ಫಲವಿಲ್ಲ. ಕಲಿಸುವ ಪ್ರಾಧ್ಯಾಪಕನೇ ಊರಿನಲ್ಲಿ ಉಳಿಯದಿದ್ದ ಮೇಲೆ, ಕಲಿಯುವವನು ಉಳಿದಾನೆಂದು ನಿರೀಕ್ಷಿಸುವುದೆಂತು?

ಇದಕ್ಕೆಲ್ಲ ಮೂಲವಾದ ಒಂದು ಗ್ರಹಿಕೆಯುಂಟು. ಹಳ್ಳಿಯವರು ಅಜ್ಞಾನಿಗಳು, ರೋಗದ ಲಕ್ಷಣವನ್ನೇ ಅರಿಯದವರು, ತಿಳಿಯಹೇಳಿದರೂ ಆಸ್ಪತ್ರೆಗೆ ಬಾರದವರು. ಆದ್ದರಿಂದ ವಿದ್ಯಾರ್ಥಿಯು ಅಲ್ಲಿಗೆ ಹೋಗುವುದು ತಿಳಿವಳಿಕೆ ನೀಡಲು ಎಂಬುದೇ ಅದು. ಈ ಗ್ರಹಿಕೆಯನ್ನು ಬುಡಮೇಲು ಮಾಡಿದ ಅಧ್ಯಯನವೊಂದು ನಮ್ಮ ನಾಡಿನ ತುಮಕೂರು ಜಿಲ್ಲೆಯಲ್ಲಿಯೇ ನಡೆಯಿತೆಂಬುದು ಗಮನಾರ್ಹ.

ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಆ ಸಂಸ್ಥೆಯ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯಪೀಡಿತರ ಮನೆಗಳಿಗೇ ಹೋಗಿ ಮಾತನಾಡಿಸಿ, ತಮ್ಮ ಫಲಿತಾಂಶವನ್ನು ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣದ ಅರಿವಿತ್ತು. ಹೆಚ್ಚಿನವರು ಅದಕ್ಕಾಗಿ ಚಿಂತಿತರಾಗಿದ್ದರು. ಅರ್ಧದಷ್ಟು ಜನರು ಆಗಲೇ ಸರ್ಕಾರಿ ಚಿಕಿತ್ಸಾಲಯಗಳ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕಫಪರೀಕ್ಷೆಯಲ್ಲ, ಒಂದು ಸೀಸೆ ಕೆಮ್ಮಿನ ಔಷಧಿ!

ಈ ಸಂಗತಿಯನ್ನು ಶಿಕ್ಷಣದ ದೃಷ್ಟಿಯಿಂದ ಸ್ವಲ್ಪ ಚಿಂತಿಸಬೇಕು. ದಿನದ ಕೂಲಿಯನ್ನು ಬಿಟ್ಟು, ಮೈಲಿಗಟ್ಟಲೆ ನಡೆದು ಬಂದ ರೋಗಿಯು ತನ್ನ ಪಾಲಿನ ಕರ್ತವ್ಯವನ್ನು ಮಾಡಿದ್ದನು. ತಿಳಿಯದೆ ಇದ್ದುದು ಮೇಜಿನ ಆಚೆ ಕುಳಿತಿದ್ದವರಿಗೆ. ವಾರಗಟ್ಟಲೆ ಕೆಮ್ಮುವ ಬಡವನನ್ನು ಕಂಡೊಡನೆ ಕ್ಷಯವನ್ನು ಸಂಶಯಿಸಬೇಕೆಂಬುದು ಅವರ ಪುಸ್ತಕದಲ್ಲಿಯೂ ಇತ್ತು. ಆದರೆ ಆ ಕೆಮ್ಮು ಬಂದ ಗುಡಿಸಲನ್ನು ಅವರು ಕಂಡಿರಲಿಲ್ಲ. ಹಳ್ಳಿಗೆ ಬುದ್ಧಿ ಹೇಳುವುದಕ್ಕಿಂತ ಮೊದಲು ಹಳ್ಳಿಯ ಮಾತನ್ನು ಕೇಳುವ ವೈದ್ಯನು ಬೇಕೆಂಬ ಪಾಠವನ್ನು ತುಮಕೂರಿನ ರೋಗಿಗಳು ದೇಶಕ್ಕೆ ಕಲಿಸಿದರು. ಕ್ಷಯನಿವಾರಣೆಗೆ ಪ್ರತ್ಯೇಕ ಆಸ್ಪತ್ರೆಗಳನ್ನೇ ನಂಬಿ ಕೂಡದೆ, ಜನರು ಹೇಗೂ ಹೋಗುವ ಸಾಮಾನ್ಯ ಚಿಕಿತ್ಸಾಲಯಗಳಲ್ಲಿಯೇ ರೋಗವನ್ನು ಗುರುತಿಸಿ ಮದ್ದು ಕೊಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಬಗೆಯ ಅಧ್ಯಯನಗಳೇ ಬುನಾದಿಯಾದವು.

ವೈದ್ಯಶಿಕ್ಷಣವನ್ನು ಹಳ್ಳಿಯತ್ತ ತಿರುಗಿಸುವ ಮುಂದಿನ ದೊಡ್ಡ ಪ್ರಯತ್ನವು ೧೯೭೫ರ ಶ್ರೀವಾಸ್ತವ ಸಮಿತಿಯ ವರದಿಯಿಂದ ಮೊದಲಾಯಿತು. ನಮ್ಮ ವೈದ್ಯಶಿಕ್ಷಣವು ದೇಶದ ಅಗತ್ಯಕ್ಕೆ ಹೊಂದಿಕೊಂಡಿಲ್ಲವೆಂದು ಸಮಿತಿಯು ಸ್ಪಷ್ಟಪಡಿಸಿತು. ಅದರ ಬೆನ್ನಲ್ಲೇ ೧೯೭೭ರಲ್ಲಿ ವೈದ್ಯಶಿಕ್ಷಣದ ಪುನರಭಿಮುಖೀಕರಣ ಯೋಜನೆಯು ಜಾರಿಗೆ ಬಂದಿತು. ಪ್ರತಿ ವೈದ್ಯ ವಿದ್ಯಾಲಯವೂ ಮೊದಲ ಹಂತದಲ್ಲಿ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆಯನ್ನು ಹೊರಬೇಕು, ಎಲ್ಲ ವಿಭಾಗಗಳ ಅಧ್ಯಾಪಕರೂ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಬೇಕು ಎಂಬುದು ಅದರ ತಿರುಳು. ಮರುವರ್ಷ, ೧೯೭೮ರಲ್ಲಿ, ಆಲ್ಮಾ ಅಟಾದ ಸಮ್ಮೇಳನವು ಪ್ರಾಥಮಿಕ ಆರೋಗ್ಯ ಸೇವೆಯನ್ನು ಎಲ್ಲ ರಾಷ್ಟ್ರಗಳ ಗುರಿಯೆಂದು ಸಾರಿತು.

ಯೋಜನೆಗೆ ದೊಡ್ಡ ಸಂಚಾರಿ ಚಿಕಿತ್ಸಾ ವಾಹನಗಳು ಬಂದವು. ಆದರೆ ಅವು ಹಲವೆಡೆ ನಮ್ಮ ಕಿರಿದಾದ ಹಳ್ಳಿದಾರಿಗಳಿಗೆ ಹೊಂದಲಿಲ್ಲ. ಇಂಧನದ ವೆಚ್ಚವೂ ಭಾರವಾಯಿತು. ಇದಕ್ಕಿಂತ ಆಳವಾದ ತೊಡಕು ಇನ್ನೊಂದಿತ್ತು. ವಿದ್ಯಾಲಯಗಳು ಗ್ರಾಮದ ಕೆಲಸವನ್ನು ಒಂದೇ ವಿಭಾಗದ ಪಾಲಿಗೆ ಬಿಟ್ಟು ಕೈತೊಳೆದುಕೊಂಡವು. ಶಸ್ತ್ರಚಿಕಿತ್ಸೆಯ, ಮಕ್ಕಳ ವೈದ್ಯದ, ಪ್ರಸೂತಿಯ ಅಧ್ಯಾಪಕರು ಆಸ್ಪತ್ರೆಯಲ್ಲಿಯೇ ಉಳಿದರು. ತಾನು ಯಾರನ್ನು ಮಾದರಿಯೆಂದು ಗೌರವಿಸುತ್ತಾನೋ ಆ ಗುರುವು ಹಳ್ಳಿಗೆ ಬಾರದಿದ್ದುದನ್ನು ಶಿಷ್ಯನು ಗಮನಿಸದಿರುವನೆ? ಹೀಗೆ ಹೆಸರಿನಲ್ಲಿ ಪುನರಭಿಮುಖವಾದ ಶಿಕ್ಷಣವು ಮುಖವನ್ನು ಮಾತ್ರ ತಿರುಗಿಸಿ, ಹೆಜ್ಜೆಯನ್ನು ಕೀಳಲಿಲ್ಲ.

ಹಾಗೆಂದು ಈ ಚರಿತ್ರೆಯೆಲ್ಲ ವೈಫಲ್ಯದ ಕಥೆಯೆಂದು ಭಾವಿಸಬೇಕಾಗಿಲ್ಲ. ಸರ್ಕಾರದ ಆಜ್ಞೆಗೆ ಕಾಯದೆ ತಮ್ಮ ಶ್ರದ್ಧೆಯಿಂದಲೇ ಈ ದಾರಿ ಹಿಡಿದ ಸಂಸ್ಥೆಗಳೂ ಉಂಟು. ಅವುಗಳಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ವಿದ್ಯಾಲಯವು ಹಿರಿದು. ಅದರ ಸಂಸ್ಥಾಪಕಿ ಡಾ. ಐಡಾ ಸ್ಕಡರರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಹಳ್ಳಿಯ ದಾರಿಗಳಲ್ಲಿ ನಿಗದಿಯಾದ ಮರದ ನೆರಳಿಗೆ ಹೋಗಿ ರೋಗಿಗಳನ್ನು ನೋಡುವ ಪದ್ಧತಿಯನ್ನು ಆರಂಭಿಸಿದರು. ಆ ಪರಂಪರೆಯು ಬೆಳೆದು, ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳು ಶುಶ್ರೂಷಾ ಮತ್ತು ಇತರ ಆರೋಗ್ಯವಿದ್ಯೆಗಳ ವಿದ್ಯಾರ್ಥಿಗಳೊಡನೆ ಕೂಡಿ ಕೆಲಕಾಲ ಹಳ್ಳಿಯಲ್ಲಿಯೇ ವಾಸಿಸಿ, ಮನೆಮನೆಯ ಸಮೀಕ್ಷೆ ನಡೆಸುವ ಕ್ರಮವಾಗಿ ರೂಪುಗೊಂಡಿತು. ೧೯೭೭ರಲ್ಲಿ ಕೆ. ವಿ. ಕುಪ್ಪಂ ಪ್ರದೇಶದಲ್ಲಿ ಗ್ರಾಮೀಣ ಆರೋಗ್ಯ ಮತ್ತು ಸಾಮಾಜಿಕ ಸೇವೆಯ ವಿಭಾಗವೊಂದು ನೆಲೆನಿಂತಿತು. ಇಲ್ಲಿ ಎರಡು ಸಂಗತಿಗಳು ಲಕ್ಷಿಸತಕ್ಕವು. ವೈದ್ಯ ವಿದ್ಯಾರ್ಥಿಯೂ ಶುಶ್ರೂಷಾ ವಿದ್ಯಾರ್ಥಿನಿಯೂ ಒಂದೇ ಅಂಗಳದಲ್ಲಿ ಒಟ್ಟಿಗೆ ಕಲಿಯುವುದರಿಂದ ಮುಂದೆ ಆಸ್ಪತ್ರೆಯಲ್ಲಿ ತಲೆಯೆತ್ತುವ ಮೇಲುಕೀಳುಗಳಿಗೆ ಮೊದಲೇ ಮದ್ದು ದೊರೆಯುತ್ತದೆ. ಎರಡನೆಯದಾಗಿ, ರೋಗಶಾಸ್ತ್ರವನ್ನು ಓದುವುದಕ್ಕೂ ಮೊದಲೇ ವಿದ್ಯಾರ್ಥಿಯು ಜನರ ಬದುಕನ್ನು ಓದುತ್ತಾನೆ.

ಎರಡನೆಯ ನಿದರ್ಶನವು ವಾರ್ಧಾ ಬಳಿಯ ಸೇವಾಗ್ರಾಮದ್ದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ಡಾ. ಸುಶೀಲಾ ನಯ್ಯರ್ ಅವರ ನೇತೃತ್ವದಲ್ಲಿ ಅಲ್ಲಿ ಮಹಾತ್ಮಾ ಗಾಂಧಿ ವೈದ್ಯವಿಜ್ಞಾನ ಸಂಸ್ಥೆಯು ಆರಂಭವಾಯಿತು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮೊದಲು ಹದಿನೈದು ದಿನ ಗಾಂಧೀಜಿಯವರ ಆಶ್ರಮದಲ್ಲಿ ವಾಸಿಸಬೇಕು. ನೂಲಬೇಕು, ಗುಡಿಸಬೇಕು, ಪ್ರಾರ್ಥನೆಯಲ್ಲಿ ಕೂಡಬೇಕು. ಅನಂತರ ಪ್ರತಿ ವರ್ಷದ ತಂಡವೂ ಒಂದು ಹಳ್ಳಿಯನ್ನು ತನ್ನದಾಗಿಸಿಕೊಂಡು ಅಲ್ಲಿ ಶಿಬಿರ ಹೂಡುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಕೆಲವು ಮನೆಗಳನ್ನು ಗೊತ್ತುಮಾಡಿಕೊಡಲಾಗುತ್ತದೆ. ಶಿಬಿರ ಮುಗಿದ ಮೇಲೂ ಸಂಬಂಧವು ಮುಗಿಯುವುದಿಲ್ಲ. ಅವನು ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗುತ್ತಿರಬೇಕು. ಮೊದಲ ಭೇಟಿಯಲ್ಲಿ ಬಸುರಿಯಾಗಿದ್ದವಳ ಕೂಸು ಮುಂದಿನ ಭೇಟಿಗಳಲ್ಲಿ ಅಂಬೆಗಾಲಿಡುವುದನ್ನೂ ನಡೆಯುವುದನ್ನೂ ಅವನು ಕಾಣುತ್ತಾನೆ. ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಅದೂ ಅವನ ಪಾಠದ ಭಾಗವೇ.

ಸೇವಾಗ್ರಾಮದ ಆಸ್ಪತ್ರೆಯ ಇನ್ನೊಂದು ವಿಶೇಷವು ನಮ್ಮ ಓದುಗರಿಗೆ ಆಪ್ತವೆನಿಸಬಹುದು. ಸುತ್ತಣ ಹಳ್ಳಿಗಳ ಜನರು ಸುಗ್ಗಿಯ ಕಾಲದಲ್ಲಿ ತಮ್ಮ ಶಕ್ತಿಗೆ ತಕ್ಕಂತೆ ಜೋಳವನ್ನು ಅಳೆದುಕೊಟ್ಟು ಆರೋಗ್ಯ ವಿಮೆಯ ಸದಸ್ಯರಾಗುವ ವ್ಯವಸ್ಥೆಯೊಂದು ಅಲ್ಲಿ ಬೆಳೆಯಿತು. ಜೋಳ ಕೊಟ್ಟವನು ಚಿಕಿತ್ಸೆಯನ್ನು ದಾನವಾಗಿ ಬೇಡುವುದಿಲ್ಲ, ಪಾಲುದಾರನಾಗಿ ಕೇಳುತ್ತಾನೆ. ಇದನ್ನು ಕಂಡ ವಿದ್ಯಾರ್ಥಿಗೆ ಬಡವನ ಸ್ವಾಭಿಮಾನವೆಂದರೇನೆಂಬುದನ್ನು ಬೇರೆ ಉಪನ್ಯಾಸದಿಂದ ತಿಳಿಸಬೇಕಾಗಿಲ್ಲ.

ಮೂರನೆಯ ನಿದರ್ಶನವಾದ ಜಾಮಖೇಡದಲ್ಲಿ ಗುರುಸ್ಥಾನವೇ ಬದಲಾಯಿತು. ಮಹಾರಾಷ್ಟ್ರದ ಬರಪೀಡಿತ ಪ್ರದೇಶವಾದ ಜಾಮಖೇಡದಲ್ಲಿ ೧೯೭೦ರಿಂದ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಬೆಳೆಸಿದರು. ಅವರಲ್ಲಿ ಅನೇಕರು ಅಕ್ಷರವರಿಯದವರು, ಕೆಲವರು ಅಸ್ಪೃಶ್ಯರೆನಿಸಿಕೊಂಡಿದ್ದವರು. ಕಾಲಕ್ರಮದಲ್ಲಿ ದೇಶವಿದೇಶಗಳಿಂದ ತರಬೇತಿಗೆ ಬಂದ ವೈದ್ಯರಿಗೂ ವಿದ್ಯಾರ್ಥಿಗಳಿಗೂ ಈ ಹೆಣ್ಣುಮಕ್ಕಳೇ ಪಾಠ ಹೇಳುವವರಾದರು. ನೀರು, ಹೆರಿಗೆ, ಕೂಸಿನ ಆಹಾರ, ಜಾತಿಯ ಕಟ್ಟು ಇವುಗಳ ವಿಷಯದಲ್ಲಿ ಅವರ ಅನುಭವವನ್ನು ಸರಿಗಟ್ಟುವ ಗ್ರಂಥವಿಲ್ಲ.

ಈ ನಿದರ್ಶನಗಳನ್ನು ಮೇಲಿನ ವಿಫಲ ಯೋಜನೆಗಳೊಡನೆ ಹೋಲಿಸಿದರೆ ವ್ಯತ್ಯಾಸಗಳು ತಾವೇ ಎದ್ದುಕಾಣುತ್ತವೆ. ಮೊದಲನೆಯದು ಕಾಲ: ಶಿಕ್ಷಣದ ಕೊನೆಯಲ್ಲಿ ಅಂಟಿಸಿದ ತಿಂಗಳುಗಳಿಗಿಂತ ಆರಂಭದಲ್ಲಿಯೇ ಬಿತ್ತಿ ವರ್ಷಗಳವರೆಗೆ ಪೋಷಿಸಿದ ಸಂಬಂಧವು ಫಲ ಕೊಡುತ್ತದೆ. ಎರಡನೆಯದು ಗುರು: ಅಧ್ಯಾಪಕನು ಜೊತೆಗಿದ್ದರೆ ಹಳ್ಳಿಯು ಪಾಠವಾಗುತ್ತದೆ, ಇಲ್ಲವಾದರೆ ಪ್ರವಾಸವಾಗುತ್ತದೆ. ಮೂರನೆಯದು ಮನೆ: ‘ಸಮುದಾಯ’ವೆಂಬ ಅಮೂರ್ತ ಶಬ್ದಕ್ಕಿಂತ, ಹೆಸರಿಟ್ಟು ಕರೆಯಬಲ್ಲ ನಾಲ್ಕು ಸಂಸಾರಗಳು ಹೆಚ್ಚು ಕಲಿಸುತ್ತವೆ. ನಾಲ್ಕನೆಯದು ಋಣ: ಸಮೀಕ್ಷೆಯ ಕಾಗದವನ್ನು ತುಂಬಿಸಿಕೊಂಡು ಹೋದವರು ಅದರಿಂದ ತಿಳಿದುದನ್ನು ಮರಳಿ ಊರಿಗೆ ಬಂದು ಹೇಳಬೇಕು.

ಈ ನಾಲ್ಕನೆಯ ಅಂಶವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ವರ್ಷವರ್ಷವೂ ಹೊಸ ತಂಡವೊಂದು ಬಂದು ಅದೇ ಪ್ರಶ್ನೆಗಳನ್ನು ಕೇಳಿ, ಅದೇ ಮಕ್ಕಳನ್ನು ತೂಗಿ, ಚಿತ್ರ ತೆಗೆದುಕೊಂಡು ಹೋದರೆ ಹಳ್ಳಿಯು ಬೇಸರಗೊಳ್ಳುವುದು ಸಹಜ. ಕಲಿಯುವವನ ಅಗತ್ಯಕ್ಕಾಗಿ ಬಡವನ ಬಾಗಿಲನ್ನು ಬಳಸಿಕೊಳ್ಳುವುದು ಒಂದು ಬಗೆಯ ಶೋಷಣೆಯೇ. ಉಪಕಾರವೆಂಬ ಹೆಸರು ಅದನ್ನು ಮರೆಮಾಡಲಾರದು.

ಇನ್ನು ನಮ್ಮ ನಾಡಿನತ್ತ, ಅದರಲ್ಲಿಯೂ ನಮ್ಮ ಸಮಾಜದ ಸಂಸ್ಥೆಗಳತ್ತ, ದೃಷ್ಟಿ ಹರಿಸೋಣ. ೧೯೧೬ರಲ್ಲಿ ಏಳು ಮಂದಿ ತ್ಯಾಗಿಗಳು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ೧೯೬೩ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ವಿದ್ಯಾಲಯವನ್ನು ಸ್ಥಾಪಿಸಿತು. ಅದೇ ವರ್ಷ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ವಿದ್ಯಾಲಯವೂ, ೧೯೬೫ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ವಿದ್ಯಾಲಯವೂ, ೧೯೮೪ರಲ್ಲಿ ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ಆಶ್ರಯದ ವಿದ್ಯಾಲಯವೂ, ೧೯೮೬ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವಿದ್ಯಾಲಯವೂ ತಲೆಯೆತ್ತಿದವು. ಮಠಗಳೂ ಶಿಕ್ಷಣ ಸಂಸ್ಥೆಗಳೂ ಈ ನಾಡಿನಲ್ಲಿ ಬೆಳೆದುದು ಹಳ್ಳಿಯ ಒಕ್ಕಲು ಮಕ್ಕಳ ಕಾಣಿಕೆಯಿಂದ, ಸುಗ್ಗಿಯ ಕಣದಲ್ಲಿ ತೆಗೆದಿಟ್ಟ ಕಾಳಿನಿಂದ ಎಂಬುದನ್ನು ಮರೆಯುವಂತಿಲ್ಲ. ಆದುದರಿಂದ ಹಳ್ಳಿಯತ್ತ ಹೋಗುವುದು ಈ ಸಂಸ್ಥೆಗಳಿಗೆ ಔದಾರ್ಯವಲ್ಲ, ಋಣಸಂದಾಯ.

ಹಳ್ಳಿಯ ನಡುವೆ ಮಾಡಿದ ಕೆಲಸವು ಶಾಸ್ತ್ರದೃಷ್ಟಿಯಿಂದ ಕೀಳಾದುದೆಂದು ಶಂಕಿಸುವವರಿಗೆ ಬೆಳಗಾವಿಯೇ ಉತ್ತರ ಕೊಟ್ಟಿದೆ. ಅಲ್ಲಿಯ ವಿದ್ಯಾಲಯದ ಪ್ರಾಧ್ಯಾಪಕರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ೧,೬೨೦ ಬಾಣಂತಿಯರನ್ನೊಳಗೊಂಡ ಪರೀಕ್ಷಣವೊಂದನ್ನು ನಡೆಸಿದರು. ಹೆರಿಗೆಯ ನಂತರ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಕೊಟ್ಟವರು ಹಳ್ಳಿಯ ಆರೋಗ್ಯ ಸಹಾಯಕಿಯರು. ಮಾತ್ರೆ ಪಡೆಯದವರಲ್ಲಿ ನೂರಕ್ಕೆ ಹನ್ನೆರಡು ಮಂದಿಗೆ ಆದ ಅತಿ ರಕ್ತಸ್ರಾವವು ಪಡೆದವರಲ್ಲಿ ನೂರಕ್ಕೆ ಆರೂವರೆಗಿಂತ ಕೆಳಗಿಳಿಯಿತು. ೨೦೦೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ಪ್ರಕಟಿಸಿದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು. ಹಳ್ಳಿಯ ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಆಗುವ ಹೆರಿಗೆಯ ಕಷ್ಟವನ್ನು ಅಲ್ಲಿಯೇ ನಿಂತು ಅರಿತುದರಿಂದ ಹುಟ್ಟಿದ ಪ್ರಶ್ನೆಯಿದು. ಮಹಾನಗರದ ಆಸ್ಪತ್ರೆಯಲ್ಲಿ ಇದು ಹುಟ್ಟುತ್ತಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರವೂ ಈ ವಿಷಯದಲ್ಲಿ ಹೊಸ ನಿಯಮಗಳನ್ನು ತಂದಿದೆ. ಕರ್ನಾಟಕವು ವೈದ್ಯಪದವೀಧರರಿಗೆ ಒಂದು ವರ್ಷದ ಸರ್ಕಾರಿ ಸೇವೆಯನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ೨೦೧೨ರಲ್ಲಿ ರೂಪಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಕುಟುಂಬ ದತ್ತು ಕಾರ್ಯಕ್ರಮವನ್ನು ಪಠ್ಯಕ್ರಮಕ್ಕೆ ಸೇರಿಸಿ, ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಸಂಸಾರಗಳೊಡನೆ ಸಂಬಂಧವಿರಿಸಿಕೊಳ್ಳಬೇಕೆಂದು ವಿಧಿಸಿತು. ಇವೆರಡರ ಸ್ವಭಾವವು ಬೇರೆ ಬೇರೆ. ಕಡ್ಡಾಯ ಸೇವೆಯು ಖಾಲಿ ಹುದ್ದೆಯನ್ನು ತುಂಬಬಲ್ಲದು. ಹಳ್ಳಿಯನ್ನರಿಯದ ವೈದ್ಯನನ್ನು ಅಲ್ಲಿ ವರ್ಷಕಾಲ ಕೂಡಿಹಾಕಿದ ಮಾತ್ರಕ್ಕೆ ಅವನು ಸಾಮಾಜಿಕ ವೈದ್ಯನಾಗನು. ಕುಟುಂಬದ ಸಂಬಂಧವಾದರೋ ಸೇವಾಗ್ರಾಮದ ಅನುಭವಕ್ಕೆ ಹತ್ತಿರವಾದುದು. ಆದರೆ ‘ದತ್ತು’ ಎಂಬ ಶಬ್ದದಲ್ಲಿಯೇ ಒಂದು ಎಡರಿದೆ. ಹದಿನೆಂಟರ ತರುಣನು ಐವತ್ತರ ಗೃಹಸ್ಥನ ಸಂಸಾರವನ್ನು ದತ್ತು ತೆಗೆದುಕೊಳ್ಳುವುದೆಂದರೇನು? ವಾಸ್ತವವಾಗಿ ಆ ಸಂಸಾರವೇ ಅವನನ್ನು ಶಿಷ್ಯನಾಗಿ ಸ್ವೀಕರಿಸಬೇಕು.

ಶರಣ ಪರಂಪರೆಯ ಬೆಳಕಿನಲ್ಲಿ ನೋಡಿದರೆ ಈ ವಿಚಾರವು ನಮಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಮಾತಿನ ಅಧಿಕಾರವು ದೊರೆತುದು ಶಾಸ್ತ್ರಪಾಂಡಿತ್ಯಕ್ಕಲ್ಲ, ಕಾಯಕದಿಂದ ಮಾಗಿದ ಅನುಭವಕ್ಕೆ. ಅಂಬಿಗ, ಮಡಿವಾಳ, ಸಮಗಾರ, ಕದಿರ ಕಾಯಕದವಳು ಅಲ್ಲಿ ನುಡಿದರು; ಓದಿದವರು ಕುಳಿತು ಕೇಳಿದರು. ಆ ಶರಣರ ನಡುವೆ ವೈದ್ಯ ಸಂಗಣ್ಣನೂ ಇದ್ದನು. ತನ್ನ ಕಾಯಕದ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದ ಕೀರ್ತಿ ಅವನದು. ಜಂಗಮತತ್ತ್ವವೂ ಇದನ್ನೇ ಸೂಚಿಸುತ್ತದೆ. ಆಸ್ಪತ್ರೆಯೆಂಬುದು ಸ್ಥಾವರ, ಅದು ಬೇಕು, ಅದರ ಘನತೆಯನ್ನು ಕಡೆಗಣಿಸಲಾಗದು. ಆದರೆ ಜ್ಞಾನವು ಜಂಗಮವಾಗಿ ಮನೆಬಾಗಿಲಿಗೆ ನಡೆದಾಗಲೇ ಅದು ಪೂರ್ಣವಾಗುತ್ತದೆ. ದಾಸೋಹದ ಮರ್ಮವೂ ಇಲ್ಲಿಯೇ ಇದೆ: ಕೊಡುವವನಲ್ಲಿ ಕೊಟ್ಟೆನೆಂಬ ಭಾವ ಉಳಿದರೆ ಅದು ದಾಸೋಹವಾಗದು.

ಈ ತತ್ತ್ವವನ್ನು ಆಚರಣೆಗೆ ತರಲು ನಮ್ಮ ಮಠಗಳಿಗೂ ವಿದ್ಯಾಸಂಸ್ಥೆಗಳಿಗೂ ಇರುವಷ್ಟು ಅನುಕೂಲ ಬೇರೆ ಯಾರಿಗೂ ಇಲ್ಲ. ಹಳ್ಳಿಹಳ್ಳಿಗಳಲ್ಲಿ ಶಾಖಾಮಠಗಳಿವೆ; ವಿದ್ಯಾರ್ಥಿಗಳೂ ಅಧ್ಯಾಪಕರೂ ಒಟ್ಟಿಗೆ ತಂಗಿ, ಅದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಲು ಅಲ್ಲಿ ಸ್ಥಳವುಂಟು. ಎಲ್ಲ ವಿಭಾಗಗಳ ಹಿರಿಯ ಪ್ರಾಧ್ಯಾಪಕರೂ ಸರದಿಯ ಮೇಲೆ ಅಲ್ಲಿ ಉಳಿದು ಪಾಠ ನಡೆಸಲಿ. ವೈದ್ಯ, ಶುಶ್ರೂಷಾ, ದಂತವೈದ್ಯ, ಔಷಧಶಾಸ್ತ್ರದ ವಿದ್ಯಾರ್ಥಿಗಳು ಬೇರೆ ಬೇರೆ ಬಾರದೆ ಕೂಡಿ ಬರಲಿ. ಊರಿನ ಸೂಲಗಿತ್ತಿಯನ್ನೂ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನೂ ಗೌರವಧನವಿತ್ತು ಅಧ್ಯಾಪಕಿಯರೆಂದು ಮಾನ್ಯಮಾಡಲಿ. ವಿದ್ಯಾರ್ಥಿಯ ಅಂಕಗಳಲ್ಲಿ ಒಂದು ಭಾಗವನ್ನು ಅವನು ನಡೆದುಕೊಂಡ ರೀತಿಯನ್ನು ಕಂಡ ಆ ಮನೆಗಳವರ ಮಾತಿಗೆ ಮೀಸಲಿಡಲಿ. ವರ್ಷಕ್ಕೊಮ್ಮೆ, ಜಾತ್ರೆಯ ಸಮಯದಲ್ಲಿಯೋ ಶ್ರಾವಣದ ಪುರಾಣದ ಸಮಯದಲ್ಲಿಯೋ, ಊರಿನ ಆರೋಗ್ಯದ ಲೆಕ್ಕವನ್ನು ಊರ ಮುಂದೆ ಓದಿ ಹೇಳಲಿ.

ಭೋರ್ ಸಮಿತಿಯು ಸಾಮಾಜಿಕ ವೈದ್ಯನನ್ನು ಕೇಳಿ ಎಂಟು ದಶಕಗಳಾದವು. ಸಮಿತಿಗಳಿಗೇನೂ ಕೊರತೆಯಾಗಲಿಲ್ಲ, ಅವು ಹೇಳಿದುದು ಬಹುಮಟ್ಟಿಗೆ ಒಂದೇ ಮಾತು. ಕೊರತೆಯಾದುದು ಆ ಮಾತನ್ನು ತನ್ನ ಕಾಯಕವೆಂದು ಬಗೆದು ಹಳ್ಳಿಯಲ್ಲಿ ನಿಂತು ಕಲಿಸುವ ಗುರುಗಳಿಗೆ. ತುಮಕೂರಿನ ಆ ಕ್ಷಯರೋಗಿಗಳು ಕೆಮ್ಮುತ್ತಲೇ ನಡೆದು ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಮಕ್ಕಳ ಮತ್ತು ಮೊಮ್ಮಕ್ಕಳ ಮನೆಗಳಿಗೆ ನಡೆದು ಹೋಗುವ ಸರದಿ ಈಗ ವಿದ್ಯಾಲಯಗಳದು.